ಇಪ್ಪತ್ನಾಲ್ಕು ಪ್ರಶ್ನೆಗಳ ಪೌರತ್ವ



ಶಿರವಾಳದ ಹಳೆಯ ಗುಡಿಗಳನ್ನು ನೋಡಲು ಬಂದವರು ಹಾಗೇ ಸುರಪುರಕ್ಕೂ ಹೋಗಿ ಟೇಲರ್ ಮಂಜಿಲ್ ಎಂಬ ಬಂಗಲೆ ನೋಡುವುದುಂಟು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಮೆಡೋಸ್ ಟೇಲರ್ ನಿಜಾಮರ ನೌಕರಿಗೆ ಸೇರಿ, 1840ರ ದಶಕದಲ್ಲಿ ಸುರಪುರಕ್ಕೆ ಬಂದ. ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ ಸಂಸ್ಥಾನದ ಉಸ್ತುವಾರಿ ಇವನದೇ. ಇಲ್ಲಿ ನೆಲೆಸಲು ನಮ್ಮ ಚರಿತ್ರೆ ಗೊತ್ತೇ ಎಂದು ಅವನನ್ನು ಯಾರೂ ಕೇಳಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸಿವಿಲ್ ನೌಕರರಿಗೆ ಭಾಷೆಯ ಪರೀಕ್ಷೆಯಿತ್ತು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ 1812ರಲ್ಲಿ ಆರಂಭವಾದ ಕಾಲೇಜಿನಲ್ಲಿ ಎಳೆಯ ಇಂಗ್ಲಿಷರು ನಮ್ಮ ಭಾಷೆಗಳನ್ನು ಓದುತ್ತಿದ್ದರು. ಅದು ಆಳಲು ಬಂದವರ ಪರೀಕ್ಷೆ. ಈಗ ನಮ್ಮ ಕಡೆಯ ಮಕ್ಕಳು ಬ್ರಿಟನ್ನಿನಲ್ಲಿ ಬರೆಯುತ್ತಿರುವುದು ನೆಲೆಸಲು ಹೋದವರ ಪರೀಕ್ಷೆ.

ಈ ಪರೀಕ್ಷೆಗೆ ಬಹಳ ವಯಸ್ಸಾಗಿಲ್ಲ. ಬ್ರಿಟನ್ನಿನ 1948ರ ಪೌರತ್ವ ಕಾಯ್ದೆಯಂತೆ ಕಾಮನ್‌ವೆಲ್ತ್ ದೇಶದವರು ಅಲ್ಲಿ ಒಂದು ವರ್ಷ ವಾಸವಿದ್ದು ಹೆಸರು ನೋಂದಾಯಿಸಿದರೆ ಪೌರರಾಗಬಹುದಿತ್ತು. 1962ರಲ್ಲಿ ಬಾಗಿಲು ಅರ್ಧ ಮುಚ್ಚಿತು. 1981ರ ಕಾಯ್ದೆ ಬಂದ ಮೇಲೆ ಇಂಗ್ಲಿಷ್ ಬರಬೇಕೆಂಬ ಷರತ್ತು ಕಾಮನ್‌ವೆಲ್ತಿನವರಿಗೂ ತಾಗಿತು. 2001ರ ಬೇಸಿಗೆಯಲ್ಲಿ ಓಲ್ಡಮ್, ಬರ್ನ್‌ಲಿ, ಬ್ರ್ಯಾಡ್‌ಫರ್ಡ್ ಊರುಗಳಲ್ಲಿ ಜನಾಂಗೀಯ ಗಲಭೆಗಳಾದವು. ಅದರ ಬೆನ್ನಿಗೆ, ವಲಸಿಗರು ಸಮಾಜದಲ್ಲಿ ಬೆರೆಯಬೇಕೆಂದು ಗೃಹಮಂತ್ರಿ ಡೇವಿಡ್ ಬ್ಲಂಕೆಟ್ ಮರುವರ್ಷ ಹೊಸ ಕಾಯ್ದೆ ತಂದು, ಪರೀಕ್ಷೆಯ ಪಠ್ಯ ರೂಪಿಸುವ ಹೊಣೆಯನ್ನು ತನಗೆ ಪಾಠ ಹೇಳಿದ್ದ ಪ್ರೊಫೆಸರ್ ಬರ್ನಾರ್ಡ್ ಕ್ರಿಕ್ ಅವರಿಗೆ ಒಪ್ಪಿಸಿದ. 2005ರ ನವೆಂಬರ್ 1ರಿಂದ ಪರೀಕ್ಷೆ ಜಾರಿಗೆ ಬಂತು. 2007ರಿಂದ ಕಾಯಂ ವಾಸದ ಅನುಮತಿಗೂ ಅದು ಕಡ್ಡಾಯವಾಯಿತು.

ನಲವತ್ತೈದು ನಿಮಿಷ, ಇಪ್ಪತ್ನಾಲ್ಕು ಪ್ರಶ್ನೆ, ಹದಿನೆಂಟು ಸರಿಯಾದರೆ ಪಾಸು. ಅರವತ್ತೈದು ತುಂಬಿದವರಿಗೆ ವಿನಾಯಿತಿ. ಆಸ್ಪತ್ರೆಯ ಪಾಳಿ ಮುಗಿಸಿದ ಡಾಕ್ಟರು, ರೈಲಿನಲ್ಲಿ ಕೂತ ಸಾಫ್ಟ್‌ವೇರ್ ಎಂಜಿನಿಯರು, ಮಗುವನ್ನು ಮಲಗಿಸಿದ ಗೃಹಿಣಿ, ಎಲ್ಲರೂ ಮೊಬೈಲಿನಲ್ಲಿ ಮಾದರಿ ಪ್ರಶ್ನೆಗಳನ್ನು ಉರುಹೊಡೆಯುತ್ತಾರೆ. ಎಂಟನೇ ಹೆನ್ರಿಯ ಆರು ರಾಣಿಯರು ಯಾರು? ಲಂಡನ್ನಿನ ದೈತ್ಯ ಚಕ್ರದ ಎತ್ತರ ಎಷ್ಟು? ನಮ್ಮ ಕೆಪಿಎಸ್‌ಸಿ ಪರೀಕ್ಷೆಗೆ ಓದಿದವರಿಗೆ ಈ ಕಸರತ್ತು ಹೊಸದೇನಲ್ಲ.

ಈ ಪರೀಕ್ಷೆಯ ಮೊದಲ ಪಠ್ಯಪುಸ್ತಕಗಳು ಹೀಗಿರಲಿಲ್ಲ. ಡಾಕ್ಟರ ಹತ್ತಿರ ಹೆಸರು ಬರೆಸುವುದು, ಮನೆ ಬಾಡಿಗೆ, ಮಕ್ಕಳ ಶಾಲೆ, ಇಂಥ ದಿನಬಳಕೆಯ ತಿಳಿವಳಿಕೆಗೆ ಅವುಗಳಲ್ಲಿ ಜಾಗವಿತ್ತು. 2013ರ ಮೂರನೆಯ ಆವೃತ್ತಿ ಅದರಲ್ಲಿ ಬಹುಪಾಲನ್ನು ತೆಗೆದು ಇತಿಹಾಸ ತುಂಬಿತು. ಅಮೆರಿಕದಿಂದ ಬಂದು ತಾವೇ ಈ ಪರೀಕ್ಷೆ ಪಾಸಾದ ಡರಮ್ ವಿಶ್ವವಿದ್ಯಾಲಯದ ಥಾಮ್ ಬ್ರೂಕ್ಸ್ ಆಗಲೇ ಇದನ್ನು ಕಟುವಾಗಿ ಟೀಕಿಸಿದರು. ನನಗೂ ಅವರ ಮಾತೇ ಸರಿ ಅನಿಸುತ್ತದೆ. ಪಕ್ಕದ ಮನೆಯವರು ಎದೆ ಹಿಡಿದು ಕುಸಿದಾಗ ಬೇಕಾಗುವುದು ಆಂಬ್ಯುಲೆನ್ಸಿನ ನಂಬರು, ಹೆನ್ರಿಯ ಹೆಂಡಂದಿರಲ್ಲ. ಒಂದು ಒಳ್ಳೆಯದನ್ನೂ ಹೇಳಬೇಕು: 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಮನೆ ತೆರೆದ ಪಟ್ನಾದ ದೀನ್ ಮಹಮದ್ ಆ ಪುಸ್ತಕದಲ್ಲಿದ್ದಾನೆ.

ಪೌರತ್ವವಿಲ್ಲದೆ ಅಲ್ಲಿ ನಮಗೆ ಓಟಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಾವು ಕಾಮನ್‌ವೆಲ್ತಿನವರಾದ್ದರಿಂದ ಭಾರತದ ಪಾಸ್‌ಪೋರ್ಟಿನಲ್ಲಿ ಕಾನೂನುಬದ್ಧವಾಗಿ ವಾಸಿಸುವವರೂ ಮತ ಹಾಕಬಹುದು. ಅಲ್ಲಿನ ಸ್ಥಳೀಯ ಆಡಳಿತದಲ್ಲೂ ನಮ್ಮವರಿದ್ದಾರೆ: 2010ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆದ ನೀರಜ್ ಪಾಟೀಲ್ ನಮ್ಮ ಕಲಬುರಗಿ ಸೀಮೆಯವರೇ. ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ 2015ರಲ್ಲಿ ಅನಾವರಣಗೊಂಡದ್ದು ಅವರ ಓಡಾಟದಿಂದ.

ಶಹಾಪುರ, ಸುರಪುರ ತಾಲ್ಲೂಕುಗಳ ಹಿರಿಯರಿಗೆ ಒಂದು ಮಾತು. ನಮ್ಮ 1955ರ ಪೌರತ್ವ ಕಾಯ್ದೆ ಎರಡು ಪೌರತ್ವ ಒಪ್ಪುವುದಿಲ್ಲ. ಪರೀಕ್ಷೆ ಪಾಸಾದ ಮಾತ್ರಕ್ಕೆ ಏನೂ ಹೋಗದು; ಆದರೆ ಪೌರತ್ವ ನೀಡುವ ಸಮಾರಂಭದಲ್ಲಿ ಪ್ರಮಾಣ ಮಾಡಿ ಬ್ರಿಟಿಷ್ ಪೌರರಾದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಓಸಿಐ ಎಂಬ ಸಾಗರೋತ್ತರ ಭಾರತೀಯರ ಕಾರ್ಡು ಸಿಗುತ್ತದೆ, ಆದರೆ ಅದರಿಂದ ಇಲ್ಲಿ ಓಟು ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದ ಹೊಲ ಉಳಿಸಿಕೊಳ್ಳಬಹುದು. ಮಗ ಅಥವಾ ಮಗಳು ಅಲ್ಲಿ ಪ್ರಮಾಣಕ್ಕೆ ನಿಲ್ಲುವ ಮೊದಲೇ ಪಹಣಿ, ಪಾಲಿನ ಮಾತು ಮನೆಯಲ್ಲಿ ಕೂತು ಆಡಿ ಮುಗಿಸಿಕೊಳ್ಳಿ.