ಮಂಗನ ಕಾಯಿಲೆ: ವೈರಾಣುವಿನ ದಾರಿ ಮತ್ತು ಕಳಂಕದ ಹೊರೆ

(ಉಪನ್ಯಾಸದ ಪಠ್ಯ, ಕೊಪ್ಪ)



1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಹೆಚ್ಚಿನ ಸಂಖ್ಯೆಯಲ್ಲಿ ಸತ್ತವು. ಸುತ್ತಲಿನ ಹಳ್ಳಿಗಳ ಜನರಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಕಾರಣವಾದ ವೈರಾಣುವಿಗೆ ಆ ಕಾಡಿನ ಹೆಸರೇ ಬಂದಿತು. ಜನರು ಮಂಗನ ಕಾಯಿಲೆ ಎಂದು ಕರೆದರು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿಯಲ್ಲಿ ತೊಡಗಿದ್ದವರಿಗೆ ಈ ಸೋಂಕು ತಗುಲಿತು. ಮುಂದೆ ವಯನಾಡಿನಲ್ಲಿಯೂ ಕಂಡುಬಂದಿತು. ಆದುದರಿಂದ ನಾಗರಹೊಳೆಯ ಅಂಚಿನ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಪಂಚಾಯಿತಿಗಳು ಇದನ್ನು ಕೇವಲ ಮಲೆನಾಡಿನ ಕಾಯಿಲೆಯೆಂದು ಭಾವಿಸುವಂತಿಲ್ಲ.

ವೈರಾಣುವನ್ನು ಮನುಷ್ಯನಿಗೆ ದಾಟಿಸುವುದು ಉಣುಗು. ಇಲಿ, ಹೆಗ್ಗಣಗಳಂತಹ ಸಣ್ಣ ಪ್ರಾಣಿಗಳು ಹಾಗೂ ಉಣುಗುಗಳ ನಡುವೆ ವೈರಾಣು ಕಾಡಿನಲ್ಲಿ ಸುತ್ತುತ್ತಿರುತ್ತದೆ. ಮಂಗಕ್ಕೆ ಸೋಂಕು ತಗುಲಿದಾಗ ಅದರ ರಕ್ತದಲ್ಲಿ ವೈರಾಣು ಹೆಚ್ಚುತ್ತದೆ. ಮಂಗ ಸತ್ತಾಗ ಮೈಮೇಲಿನ ಉಣುಗುಗಳು ತರಗೆಲೆಗೆ ಉದುರುತ್ತವೆ. ಸೌದೆ, ಜೇನು, ಸೊಪ್ಪು ತರಲು ಹೋದವರನ್ನು ಅವು ಕಚ್ಚುತ್ತವೆ. ನವೆಂಬರಿನಿಂದ ಮೇವರೆಗೆ ಅಪಾಯ ಹೆಚ್ಚು. ಹೆಸರು ಮಂಗನದಾದರೂ ಮಂಗವೂ ಈ ರೋಗದ ಬಲಿಪಶುವೇ.

ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡುವುದು ಕಂಡುಬಂದಿಲ್ಲ. ಹೀಗಿದ್ದೂ ರೋಗಿಯ ಮನೆಯವರನ್ನು ಕೂಲಿಗೆ ಕರೆಯದಿರುವುದು, ಹಾಡಿಯ ಮಕ್ಕಳನ್ನು ಅಂಗನವಾಡಿಯಲ್ಲಿ ದೂರ ಕೂರಿಸುವುದು ನಡೆದರೆ ಅದಕ್ಕೆ ಯಾವ ಆಧಾರವೂ ಇಲ್ಲ. ಕಳಂಕಕ್ಕೆ ಅಂಜಿದವನು ಜ್ವರವನ್ನು ಮುಚ್ಚಿಡುತ್ತಾನೆ. ಈ ವೈರಾಣುವನ್ನು ಕೊಲ್ಲುವ ನಿರ್ದಿಷ್ಟ ಔಷಧಿಯಿಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆಯುವುದೇ ಪ್ರಾಣರಕ್ಷಣೆಯ ಮಾರ್ಗ. ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುವ ಈ ರೋಗದಲ್ಲಿ ಮುಚ್ಚಿಟ್ಟ ಪ್ರತಿ ದಿನವೂ ದುಬಾರಿ. ಹೊಸ ರೋಗಗಳಿಗೆ ಊರಿನ, ಜನಾಂಗದ, ಪ್ರಾಣಿಯ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ್ದೂ ಇಂತಹ ಕಳಂಕವನ್ನು ತಡೆಯಲೆಂದೇ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ, ಪಶುಪಾಲನಾ ಹಾಗೂ ಆರೋಗ್ಯ ಇಲಾಖೆಗಳಿಗೆ ಅಂದೇ ತಿಳಿಸುವುದು.

2. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಉಣುಗು ನಿವಾರಕ ತೈಲ ಹಚ್ಚಿಕೊಂಡು, ಮರಳಿದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡುವಂತೆ ತಿಳಿಹೇಳುವುದು.

3. ಜ್ವರ ಬಂದವರನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು.

4. ರೋಗಿಯ ಹೆಸರನ್ನು ಗ್ರಾಮಸಭೆಯಲ್ಲಿ ಪ್ರಸ್ತಾಪಿಸದಿರುವುದು. ಗುಣಮುಖರಾದವರಿಗೆ ಉದ್ಯೋಗ ಖಾತರಿ ಕೆಲಸ ತಪ್ಪದಂತೆ ನೋಡಿಕೊಳ್ಳುವುದು.

ಜ್ವರದಿಂದ ಎದ್ದವರ ಮನೆಗೆ ಸದಸ್ಯರೊಬ್ಬರು ಹೋಗಿ ಕುಳಿತು ಒಂದು ಲೋಟ ನೀರು ಕುಡಿದು ಬಂದರೆ, ಊರಿನ ಭಯ ಅರ್ಧ ಕರಗುತ್ತದೆ. ಆ ಕೆಲಸಕ್ಕೆ ಅನುದಾನ ಬೇಕಿಲ್ಲ.