ಕಂಪನಿಯ ವಕೀಲರು, ಮಾಲೀಕರ ವಕೀಲರಲ್ಲ



ಇರಕಲ್ಲಗಡದ ಕಡೆ ವಕೀಲರು ಅಂದರೆ ಕೊಪ್ಪಳದ ಕೋರ್ಟು, ಹೊಲದ ಬಾಂದು, ಅಣ್ಣತಮ್ಮಂದಿರ ವಾಟ್ನಿ. ಮೇಲಕ್ಕೆ ಹೋದರೆ ಧಾರವಾಡದ ಹೈಕೋರ್ಟ್ ಪೀಠ. ನಾನು ಇವತ್ತು ಹೇಳಹೊರಟ ವಕೀಲರ ದಿನವೆಲ್ಲ ಕಳೆಯುವುದು ಷೇರುಪೇಟೆ ಕಂಪನಿಗಳ ಲೆಕ್ಕಪತ್ರ, ಇಮೇಲು, ಆಡಳಿತ ಮಂಡಳಿಯ ಠರಾವುಗಳ ನಡುವೆ.

ನಮ್ಮ ರಾಜ್ಯದ್ದೇ ಪ್ರಕರಣ ನೋಡೋಣ. 2019ರ ಜುಲೈ ಕೊನೆಯಲ್ಲಿ ಕಾಫಿ ಡೇ ಸ್ಥಾಪಕ ವಿ. ಜಿ. ಸಿದ್ಧಾರ್ಥ ತೀರಿಕೊಂಡರು. ತಮ್ಮ ವ್ಯವಹಾರಗಳು ಲೆಕ್ಕಪರಿಶೋಧಕರಿಗೂ ಹಿರಿಯ ಅಧಿಕಾರಿಗಳಿಗೂ ಗೊತ್ತಿರಲಿಲ್ಲ ಎಂಬ, ಅವರದೆನ್ನಲಾದ ಪತ್ರವೊಂದು ಹೊರಬಂತು. ಆಡಳಿತ ಮಂಡಳಿ ಸಿಬಿಐನ ನಿವೃತ್ತ ಡಿಐಜಿ ಅಶೋಕ್ ಕುಮಾರ್ ಮಲ್ಹೋತ್ರಾ ಅವರಿಗೆ ತನಿಖೆ ಒಪ್ಪಿಸಿತು. ಅವರಿಗೆ ನೆರವಾದದ್ದು ಅಗಸ್ತ್ಯ ಲೀಗಲ್ ಎಂಬ ವಕೀಲರ ಸಂಸ್ಥೆ. ಮರುವರ್ಷದ ಜುಲೈನಲ್ಲಿ ವರದಿ ಬಂತು. ಸಿದ್ಧಾರ್ಥ ಅವರ ಕುಟುಂಬದ ಎಸ್ಟೇಟ್ ಕಂಪನಿಯೊಂದರಿಂದ ಕಾಫಿ ಡೇಯ ಅಂಗಸಂಸ್ಥೆಗಳಿಗೆ ಬರಬೇಕಿದ್ದದ್ದು 3,535 ಕೋಟಿ ರೂಪಾಯಿ. 2019ರ ಮಾರ್ಚ್ ಲೆಕ್ಕದಲ್ಲಿ ಕಾಣುತ್ತಿದ್ದದ್ದು 842 ಕೋಟಿ.

ಇಂಥ ತನಿಖೆಯಲ್ಲಿ ನೌಕರರನ್ನು ವಿಚಾರಣೆಗೆ ಕೂರಿಸಿಕೊಂಡಾಗ ವಕೀಲರು ಮೊದಲು ಹೇಳಬೇಕಾದ ಮಾತೊಂದಿದೆ: "ನಾನು ಕಂಪನಿಯ ವಕೀಲ, ನಿಮ್ಮ ವಕೀಲನಲ್ಲ." ಹೇಳದಿದ್ದರೆ, ಇವರು ನನ್ನನ್ನು ಕಾಪಾಡುತ್ತಾರೆಂದು ನಂಬಿ ಆ ಬಡಪಾಯಿ ಎಲ್ಲವನ್ನೂ ಬಿಚ್ಚಿಡುತ್ತಾನೆ, ನಾಳೆ ಅದೇ ಮಾತು ಅವನ ಕೊರಳಿಗೆ. ಮಾಲೀಕರಿಗೂ ಇದನ್ನೇ ಹೇಳುವ ಎದೆಗಾರಿಕೆ ಬೇಕು. ಫೀಸು ಕೊಡುವವರ ಮುಖ ನೋಡಿ ವರದಿ ಬರೆಯುವವರು ತನಿಖೆಗೆ ಕೂರಲೇಬಾರದು.

ಇದು ಕೆಲಸದ ಒಂದು ಮಗ್ಗುಲು. ಇನ್ನೊಂದು, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಎದುರು ವಾದಿಸುವುದು. 2023ರ ಜನವರಿಯಲ್ಲಿ ಸೆಬಿ ಇದೇ ಕಾಫಿ ಡೇ ಕಂಪನಿಗೆ 26 ಕೋಟಿ ದಂಡ ಹಾಕಿತು. ತಪ್ಪು ಮಾಡಿದವರ ಪರ ಯಾಕೆ ನಿಲ್ಲಬೇಕು ಅಂತ ಕೇಳುವವರಿದ್ದಾರೆ. ನೋಡಿ, ಸೆಬಿಯಲ್ಲಿ ತನಿಖೆ, ನೋಟಿಸು, ದಂಡ ಮೂರೂ ಒಂದೇ ಸೂರಿನಡಿ. ನೋಟಿಸು ಬಂದವರಿಗೆ ತನಿಖಾ ವರದಿಯನ್ನೇ ತೋರಿಸದಿದ್ದರೆ ಉತ್ತರ ಕೊಡುವುದಾದರೂ ಹೇಗೆ? ಟಕಾನೋ ಎಂಬುವರು ಇದನ್ನೇ ಕೇಳಿ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣಕ್ಕೆ ಸಂಬಂಧಪಟ್ಟ ತನಿಖಾ ದಾಖಲೆಗಳನ್ನು ಕೊಡಬೇಕೆಂದು 2022ರಲ್ಲಿ ತೀರ್ಪಾಯಿತು. ಸೆಬಿ ಆದೇಶ ಒಪ್ಪಿಗೆಯಾಗದಿದ್ದರೆ ಮುಂಬೈಯ ಮೇಲ್ಮನವಿ ನ್ಯಾಯಮಂಡಳಿಗೆ 45 ದಿನದೊಳಗೆ ಹೋಗಬೇಕು. ಅಲ್ಲಿ ಚಾರ್ಟರ್ಡ್ ಅಕೌಂಟೆಂಟರೂ ವಾದಿಸಬಹುದು, ಹಾಗಾಗಿ ಲೆಕ್ಕ ಬಾರದ ವಕೀಲರಿಗೆ ಕಷ್ಟ.

ನಮ್ಮ ಭಾಗದಿಂದ ಹೋಗಿ ಕಾನೂನು ಓದುತ್ತಿರುವ ಮಕ್ಕಳೇ, ಕಂಪನಿಗಳ ವಾರ್ಷಿಕ ವರದಿ ಪುಕ್ಕಟೆಯಾಗಿ ಸಿಗುತ್ತದೆ. ತಿಂಗಳಿಗೊಂದು ಓದಿ. ಮಾಲೀಕರ ಬಂಧುಬಳಗದ ಕಂಪನಿಗಳ ಜೊತೆಗಿನ ವ್ಯವಹಾರದ ಪುಟವನ್ನು ಮೊದಲು ತೆಗೆಯಿರಿ.