ಆಸ್ತಿಯ ಹಕ್ಕು: ಅಮೆರಿಕದಲ್ಲಿ, ನಮ್ಮಲ್ಲಿ



ಲೆಕ್ಕಪರಿಶೋಧಕನಾದ ನಾನು ಸಂವಿಧಾನದ ಪಂಡಿತನಲ್ಲ. ಆದರೆ ಊರಿನ ಜಮೀನು ಸ್ವಾಧೀನವಾದಾಗ, ಪರಿಹಾರಧನದ ತೆರಿಗೆಯನ್ನು ಕುರಿತು ವಿಚಾರಿಸಲು ನನ್ನಲ್ಲಿಗೆ ಬರುವವರುಂಟು. ಅವರ ಮೊದಲ ಪ್ರಶ್ನೆ ತೆರಿಗೆಯದಲ್ಲ, "ನಮ್ಮನ್ನು ಕೇಳದೆ ತೆಗೆದುಕೊಳ್ಳಬಹುದೆ?" ಎಂಬುದು.

ಸಾರ್ವಜನಿಕ ಉಪಯೋಗಕ್ಕಾಗಿ ಖಾಸಗಿ ಆಸ್ತಿಯನ್ನು ಪಡೆದರೆ ನ್ಯಾಯವಾದ ಪರಿಹಾರ ಕೊಡಲೇಬೇಕೆಂದು ಅಮೆರಿಕದ ಐದನೆಯ ತಿದ್ದುಪಡಿ 1791ರಿಂದಲೂ ವಿಧಿಸಿದೆ. ಅದನ್ನು ಬದಲಿಸಬೇಕಾದರೆ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಒಪ್ಪಬೇಕು. ನಮ್ಮಲ್ಲಿಯೂ 1950ರಲ್ಲಿ ಆಸ್ತಿ ಮೂಲಭೂತ ಹಕ್ಕಾಗಿಯೇ ಇದ್ದಿತು. 44ನೆಯ ತಿದ್ದುಪಡಿ ಅದನ್ನು ಮೂರನೆಯ ಭಾಗದಿಂದ ತೆಗೆದು 300ಎ ವಿಧಿಗೆ ಇಳಿಸಿತು.

ಕಾಗದದ ಮೇಲೆ ಅವರದೇ ಗಟ್ಟಿ. ಆದರೂ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರದಲ್ಲಿ ಸುಸೆಟ್ ಕೀಲೋ ಎಂಬ ಮಹಿಳೆ ತನ್ನ ಮನೆಯನ್ನು ಬಿಟ್ಟುಕೊಡಬೇಕಾಯಿತು. ಆರ್ಥಿಕ ಅಭಿವೃದ್ಧಿಯೂ ಸಾರ್ವಜನಿಕ ಉಪಯೋಗವೇ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ 5–4 ಬಹುಮತದಿಂದ ತೀರ್ಪಿತ್ತಿತು. ಜನ ಸಿಟ್ಟಾದರು, ಅನೇಕ ರಾಜ್ಯಗಳು ತಮ್ಮ ಕಾನೂನನ್ನು ಬಿಗಿಗೊಳಿಸಿದವು.

ನಮ್ಮ ಕಥೆ ಇದಕ್ಕಿಂತ ವಿಚಿತ್ರ. ಕಾಸರಗೋಡಿನ ಕನ್ನಡ ನೆಲದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ನ್ಯಾಯಾಲಯದ ಮೆಟ್ಟಿಲೇರಿದ್ದು ಕೇರಳದ ಭೂಸುಧಾರಣೆಯಿಂದ ಮಠದ ಭೂಮಿಯನ್ನು ಉಳಿಸಿಕೊಳ್ಳಲು. 1973ರಲ್ಲಿ 13 ನ್ಯಾಯಮೂರ್ತಿಗಳ ಪೀಠ 7–6ರಿಂದ, ಸಂಸತ್ತು ಸಂವಿಧಾನದ ಮೂಲರಚನೆಯನ್ನು ಕೆಡಿಸಲಾಗದೆಂದು ಸಾರಿತು. ಆದರೆ ಆಸ್ತಿಯ ಹಕ್ಕು ಆ ಮೂಲರಚನೆಗೆ ಸೇರದೆಂದು, ನಿರ್ಣಾಯಕ ಮತವಿತ್ತ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಬರೆದರು. ಸ್ವಾಮಿಗಳು ಬೇಡಿದ್ದು ಒಂದು, ದೇಶಕ್ಕೆ ದಕ್ಕಿದ್ದು ಮತ್ತೊಂದು.

ಉಳುವವನಿಗೆ ಭೂಮಿ ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಮೂಲಭೂತ ಹಕ್ಕಿನ ಭಂಗವಾದಾಗ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವುದನ್ನೇ ಹಕ್ಕಾಗಿಸಿದ 32ನೆಯ ವಿಧಿ ಅಮೆರಿಕದಲ್ಲಿಲ್ಲದ ಬಾಗಿಲು; ಆಸ್ತಿಯ ಮಟ್ಟಿಗೆ ಅದನ್ನು ನಾವೇ ಮುಚ್ಚಿಕೊಂಡೆವು. ಈಗ 226ನೆಯ ವಿಧಿಯನ್ವಯ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಜಮೀನ್ದಾರರಿಗೆ ವಕೀಲರಿದ್ದರು. ಎರಡೆಕರೆಯವನಿಗೆ ಯಾರಿದ್ದಾರೆ?

2013ರ ಭೂಸ್ವಾಧೀನ ಕಾಯಿದೆ ಕೆಲಮಟ್ಟಿಗೆ ಈ ಕೊರತೆಯನ್ನು ತುಂಬಿದೆ. ಪ್ರಾಥಮಿಕ ಅಧಿಸೂಚನೆಯಿಂದ 60 ದಿನಗಳೊಳಗೆ ಆಕ್ಷೇಪ ಸಲ್ಲಿಸಬಹುದು. ರಾಷ್ಟ್ರೀಯ ಹೆದ್ದಾರಿಯ ಕಾನೂನಿನಲ್ಲಿ ಕೇವಲ 21 ದಿನ. ಅಧಿಸೂಚನೆ ಅಂಟಿಸುವುದು ಊರಿನ ಪಂಚಾಯಿತಿಯಲ್ಲಿ, ನಾವಿರುವುದು ಮುಂಬಯಿ, ಪುಣೆಗಳಲ್ಲಿ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ, ನೋಟೀಸೂ ಅಜ್ಜನ ಹೆಸರಿಗೇ ಬರುತ್ತದೆ.